ನಿನ್ನ ಕಲ್ಲಿನ ಮೇಲೆ ನನ್ನ ಮುಖ

ಬ್ರನ್ಸ್‌ವಿಕ್, ಮೆಲ್ಬರ್ನ್
ಮೇ ೧೯೯೦

ನನ್ನ ಹಟಮಾರಿ ಅಮ್ಮನಿಗೆ,

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಆಮೇಲೆ ಬೈಯುವಿಯಂತೆ. ನಿನ್ನ ಗೋರಿಗೆ ಕಲ್ಲು ನಿಲ್ಲಿಸಿ ಆಯಿತು. ಅಪ್ಪನದಕ್ಕೆ ಹೊಂದುವಂಥ ಬೂದು ಕಲ್ಲು. ದೀಪದ ಗೂಡಿಗೆ ಗಾಜಿನ ಬಾಗಿಲು ಹಾಕಿಸಿದ್ದೇವೆ, ಗಾಳಿಗೆ ಆರುವುದಿಲ್ಲ. ಸ್ತಮಾತಿಯಾ ಎಂದು ನಿನ್ನ ಹೆಸರನ್ನು ನಮ್ಮ ಗ್ರೀಕ್ ಅಕ್ಷರಗಳಲ್ಲೇ ಕೆತ್ತಿದ್ದಾರೆ, ತಪ್ಪಿಲ್ಲ. ಆದರೆ ಹೆಸರಿನ ಮೇಲೆ ಕೂರಿಸಿದ ಪಿಂಗಾಣಿ ಬಿಲ್ಲೆಯಲ್ಲಿ ಇರುವುದು ನಿನ್ನ ಮುಖವಲ್ಲ ಅಮ್ಮಾ. ನನ್ನದು.

ಮುಖವಿಲ್ಲದ ಕಲ್ಲನ್ನು ನಮ್ಮವರು ಒಪ್ಪುವುದಿಲ್ಲ, ನಿನಗೆ ಗೊತ್ತು. ಆದರೆ ನೀನು ಬಿಟ್ಟುಹೋದದ್ದು ಒಂದೇ ಒಂದು ಫೋಟೋ, ಮದುವೆಗೆಂದು ಅಪ್ಪನಿಗೆ ಕಳಿಸಿದ ಆ ಫೋಟೋ. ನಿನ್ನ ಮಗ ಥಾನಾಸಿಸ್ ಅದನ್ನೇ ಹಾಕೋಣ ಅಂದ. "ಎಷ್ಟು ಲಕ್ಷಣವಾಗಿದ್ದಾಳೆ ನೋಡು" ಅಂದ. ಅದೊಂದು ಬಿಟ್ಟು ಬೇರೆ ಏನಾದರೂ ಹಾಕು ಅಂದೆ ನಾನು. ಕಾಫಿ ತಣ್ಣಗಾಗುವವರೆಗೂ ಜಗಳವಾಡಿದೆವು. ಬದುಕಿಡೀ ನೀನು ಹಗೆ ಸಾಧಿಸಿದ ಫೋಟೋವನ್ನೇ ನಿನ್ನ ತಲೆಯ ಮೇಲೆ ಎಂದೆಂದಿಗೂ ಕೂರಿಸಿಬಿಡುತ್ತಾರಲ್ಲ ಎಂದು ನನಗೆ ಹೊಟ್ಟೆ ಉರಿಯುತ್ತಿತ್ತು. ಅವನು ಆ ಫೋಟೋದ ಕಥೆ ಕೇಳಿದವನೇ ಅಲ್ಲ. ನೀನು ಅದನ್ನು ಹೇಳಿದ್ದು ನನಗೆ ಮಾತ್ರ, ಹುರುಳಿಕಾಯಿ ಸೋಸುತ್ತಾ.

ಗ್ರೀಸಿನಲ್ಲಿ ಕಲಮಾಟಾ ಪೇಟೆಯ ಫೋಟೋದವನ ಅಂಗಡಿ. ನಿನ್ನ ಮೈಮೇಲೆ ದೊಡ್ಡಪ್ಪನ ಮಗಳ ಉಡುಪು, ಸಡಿಲವಾಗದ ಹಾಗೆ ಬೆನ್ನಿಗೆಲ್ಲ ಪಿನ್ನು. ಆಲಿವ್ ಕಾಯಿ ಕಿತ್ತು ಕಿತ್ತು ಒಡೆದ ನಿನ್ನ ಕೈಗಳನ್ನು ಅವನು ಹಿಂದಕ್ಕೆ ಕಟ್ಟಿಸಿದನಂತೆ. ಗದ್ದ ಹಿಡಿದು ತಿರುಗಿಸಿ, "ನಗಬೇಡಮ್ಮ, ನಕ್ಕರೆ ಹುಡುಗಿ ಹಗುರ ಅಂದ್ಕೋತಾರೆ" ಅಂದನಂತೆ. ಆ ಫೋಟೋ ಸಮುದ್ರ ದಾಟಿ ಆಸ್ಟ್ರೇಲಿಯಾಕ್ಕೆ ಬಂತು, ಅಪ್ಪ ಇವಳಾಗಬಹುದು ಅಂದ, ಹಿಂದೆಯೇ ನೀನೂ ಹಡಗು ಹತ್ತಿ ಬಂದೆ. "ಬಂದರಿನಲ್ಲಿ ನಿಮ್ಮಪ್ಪ ಫೋಟೋನ ಒಂದ್ಸಲ ನೋಡ್ದ, ನನ್ನ ಒಂದ್ಸಲ ನೋಡ್ದ. ಅಂಗಡೀಲಿ ತೋರ್ಸಿದ್ದೊಂದು, ಪೊಟ್ಟಣ ಕಟ್ಟಿದ್ದೊಂದು ಅಂದ್ಕೊಂಡ್ನೋ ಏನೋ!" ಎಂದು ನೀನು ನಕ್ಕಿದ್ದೆ. ಆಮೇಲೆ ನೀನು ಸೋಸಿಟ್ಟ ಹುರುಳಿಕಾಯಿಯನ್ನೇ ಮತ್ತೆ ಸೋಸಿದೆ. ಆ ಫೋಟೋ ಆದಮೇಲೆ ನೀನು ಯಾವ ಕ್ಯಾಮೆರಾಕ್ಕೂ ಸಿಗಲಿಲ್ಲ. ನನ್ನ ನಾಮಕರಣದ ಫೋಟೋಗಳಲ್ಲಿ ಸಿಹಿ ತಟ್ಟೆ ಹಿಡಿದ ನಿನ್ನ ಒಂದು ಮೊಣಕೈ ಕಾಣುತ್ತದೆ, ಅಷ್ಟೇ.

ನಾನು ಫೋಟೋ ಕಲಿಯುತ್ತೇನೆ ಅಂದಾಗ ಮೂರು ದಿನ ಮಾತು ಬಿಟ್ಟಿದ್ದೆಯಲ್ಲ, ಈಗ ಅರ್ಥವಾಗುತ್ತದೆ. ಫಿಟ್ಜ್‌ರಾಯ್‌ನಲ್ಲಿ ಬೇಕರಿ ಮೇಲಿನ ಒಂದು ಕತ್ತಲೆ ಕೋಣೆಯಲ್ಲಿ ನಾವು ಕೆಲವು ಹೆಂಗಸರು ಸೇರಿ ಚಿತ್ರ ತೊಳೆಯುತ್ತಿದ್ದೆವು. ಗಂಡಸರು ತೆಗೆದ ಹೆಂಗಸರ ಚಿತ್ರ ಸಾಕು, ನಮ್ಮದನ್ನು ನಾವೇ ತೆಗೆಯೋಣ ಅನ್ನುವುದು ನಮ್ಮ ಆವೇಶ. ಅಲ್ಲಿಯೂ ನನ್ನನ್ನು ಕನ್ನಡಿ ಹುಚ್ಚಿ ಎಂದು ಗೇಲಿ ಮಾಡುತ್ತಿದ್ದರು, ಎಲ್ಲ ಚಿತ್ರದಲ್ಲೂ ನಾನೇ ಇರುತ್ತಿದ್ದೆನಲ್ಲ. ಕಾರ್ಖಾನೆಯವಳು ನಾನೇ, ಮದುಮಗಳು ನಾನೇ, ಬಾಣಂತಿಯೂ ನಾನೇ. ಇನ್ನೊಬ್ಬಳನ್ನು ನಿಲ್ಲಿಸಿ ಅವಳ ಗದ್ದಕ್ಕೆ ಕೈ ಹಾಕಲು ನನ್ನಿಂದ ಆಗುತ್ತಿರಲಿಲ್ಲ ಎಂದು ಅವರಿಗೆ ಹೇಗೆ ಹೇಳಲಿ? ಚಿತ್ರಕ್ಕೆ ನಿಲ್ಲು ಎಂದು ಕೇಳಿದ್ದು ನಿನ್ನೊಬ್ಬಳನ್ನೇ. ಆಗ ಅಪ್ಪ ತೀರಿಕೊಂಡು ಐದಾರು ವರ್ಷ, ನೀನು ಕಪ್ಪು ಬಿಟ್ಟು ಬೇರೆ ಉಡುತ್ತಿರಲಿಲ್ಲ. "ವಿಧವೆಗೆ ಯಾತಕ್ಕೇ ಫೋಟೋ? ಹೋಗ್ಹೋಗು, ಆ ನಿಂಬೆಗಿಡದ್ದು ತಕ್ಕೋ" ಅಂದೆ.

ಸರಿ, ನೀನು ನಿಲ್ಲದಿದ್ದರೆ ನಾನೇ ನೀನಾಗುತ್ತೇನೆ ಎಂದು ಒಂದು ಭಾನುವಾರ ನಿನ್ನ ಕಪ್ಪು ಉಡುಪು ತೊಟ್ಟು, ತಲೆಗೆ ಮೈದಾ ಹಿಟ್ಟು ಬಳಿದು, ಹಿತ್ತಲಲ್ಲಿ ಬಟ್ಟೆ ಹರವುವ ತಂತಿಯ ಕೆಳಗೆ ನಿಂತೆ. ನೀನು ಸೊಪ್ಪಿನ ಜರಡಿ ಹಿಡಿದು ಹೊರಗೆ ಬಂದವಳು ಬೆಚ್ಚಿ, "ಅಯ್ಯೋ, ಯಾರೇ ಸತ್ತಿದ್ದು?" ಅಂದೆ. ಆಮೇಲೆ ಮೆಟ್ಟಿಲ ಮೇಲೆ ಕೂತು ನೋಡಿದೆ. ನೋಡಿ ನೋಡಿ ನಿನಗೆ ತಡೆಯಲಾಗಲಿಲ್ಲ.

"ಹಾಗ್ ನಿಂತ್ರೆ ನಾನಲ್ಲ ಅದು, ಚರ್ಚಿನ ಗೊಂಬೆ. ದಿನವಿಡೀ ಹೊಲಿಗೆ ಮಿಷನ್ ತುಳಿದೋಳು ಎಡಗಾಲಿನ ಮೇಲೆ ಭಾರ ಬಿಡ್ತಾಳೆ. ಹಾಂ, ಹಾಗೆ. ತಲೆವಸ್ತ್ರದ ಗಂಟು ಕಿವಿ ಹಿಂದೆ ಬರ್ಲಿ. ಕೈ ಯಾಕೇ ಬಚ್ಚಿಡ್ತೀಯ? ಮುಂದಕ್ಕೆ ತಾ. ಕಾಣ್ಲಿ."

ಕೈ ಮುಂದಕ್ಕೆ ತಂದೆ. ಕ್ಯಾಮೆರಾದಿಂದ ಒಂದು ಉದ್ದನೆಯ ಕೊಳವೆ ನನ್ನ ಕಾಲಡಿಯವರೆಗೆ ಬಂದಿತ್ತು, ತುದಿಯಲ್ಲಿ ರಬ್ಬರ್ ಬುರುಡೆ. ಅದನ್ನು ಒತ್ತಿದರೆ ಚಿತ್ರ ಬೀಳುತ್ತದೆ. ನೀನು ಅದನ್ನೆತ್ತಿಕೊಂಡು, "ಇದೇನಿದು, ಎನಿಮಾ ಕೊಡೋದಾ?" ಅಂದೆ. ನನಗೆ ನಗು ತಡೆಯಲಾಗಲಿಲ್ಲ. "ನಗು, ನಗು, ಯಾರೂ ಬೇಡ ಅನ್ನಲ್ಲ" ಎನ್ನುತ್ತಾ ನೀನೇ ಒತ್ತಿಬಿಟ್ಟೆ.

ಆ ದಿನ ತೆಗೆದದ್ದರಲ್ಲಿ ಉಳಿದವೆಲ್ಲ ಬರಿಯ ವೇಷ. ಅದೊಂದೇ ನಿಜವಾಗಿ ಬಂದಿತ್ತು. ಅದು ಪ್ರದರ್ಶನಗಳ ಗೋಡೆ ಮೇಲೆ ತೂಗಿತು, ಪತ್ರಿಕೆಗಳಲ್ಲಿ ಬಂತು, ನನಗೆ ಹೆಸರು ತಂದಿತು. ಒಂದು ಪ್ರತಿ ಕೊಟ್ಟಾಗ ನೀನು ಅದನ್ನು ಅಡುಗೆಮನೆಯಲ್ಲಿ ಮೇರಿ ತಾಯಿಯ ಪಟದ ಪಕ್ಕ ಸಿಕ್ಕಿಸಿದೆ. ಮಗಳ ಮೇಲಿನ ಮುದ್ದಿಗೆ ಅಂದುಕೊಂಡು ನಾನು ಉಬ್ಬಿದ್ದೆ.

ನಾನು, ಥಾನಾಸಿಸ್ ಜಗಳವಾಡುತ್ತಿದ್ದಾಗ ಪೊಲಿಕ್ಸೇನಿ ಚಿಕ್ಕಮ್ಮ ಅಡುಗೆಮನೆಯ ಆ ಪ್ರತಿಯನ್ನು ಸದ್ದಿಲ್ಲದೆ ತೆಗೆದುಕೊಂಡು ಹೋಗಿ ಕಲ್ಲು ಕೆತ್ತುವವನ ಕೈಗೆ ಕೊಟ್ಟು ಬಂದಿದ್ದಾರೆ. ಕಲ್ಲು ನಿಂತ ಮೇಲೆಯೇ ನಮಗೆ ಗೊತ್ತಾದದ್ದು. ಥಾನಾಸಿಸ್ ಮುಖ ಕೆಂಪಾಗಿ, "ಕಿತ್ತು ಹಾಕಿಸ್ತೀನಿ, ಬದುಕಿರೋಳ ಮುಖ ಗೋರಿ ಮೇಲೆ ಯಾರಾದ್ರೂ ಇಡ್ತಾರಾ?" ಅಂದ. ಚಿಕ್ಕಮ್ಮಾ, ಅದು ನಾನು ಅಂದೆ.

"ಸುಮ್ನಿರೇ ಮೆರೋಪಿ. ಅಷ್ಟು ವರ್ಷ ಕಾರ್ಖಾನೇಲಿ ಅವಳ ಪಕ್ಕದ ಮಿಷನ್ನಲ್ಲಿ ಕೂತೋಳು ನಾನು, ನನಗೆ ಹೇಳ್ಕೊಡ್ತೀಯಾ?"

ಕತ್ತಿನ ಮೇಲಿನ ಮಚ್ಚೆ ತೋರಿಸಿದೆ. ಕನ್ನಡಕ ಒರೆಸಿಕೊಂಡು ಕಲ್ಲನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಮೆಲ್ಲಗೆ ಅಂದರು: "ಆದ್ರೆ ಅವಳೇ ಹೇಳಿದ್ಲಲ್ಲೇ. ಯಾವಾಗ ತೆಗೆಸ್ಕೊಂಡ್ಯೇ ಇದನ್ನ ಅಂದೆ. 'ಪೊಲಿಕ್ಸೇನಿ, ಅದು ನಾನೇ ಕಣೇ, ಈ ಸಲ ನನಗೆ ಬೇಕಾದ ಹಾಗೆ' ಅಂದ್ಲು."

ಅಲ್ಲಿಯೇ, ಒದ್ದೆ ಹುಲ್ಲಿನ ಮೇಲೆ ಕೂತು ಅತ್ತುಬಿಟ್ಟೆ ಅಮ್ಮಾ. ನಿನ್ನನ್ನು ಮಣ್ಣಿಗೆ ಕೊಟ್ಟ ದಿನವೂ ಹಾಗೆ ಅತ್ತಿರಲಿಲ್ಲ. ನಿನ್ನ ವೇಷ ಹಾಕಿ ನಾನು ಚಿತ್ರ ತೆಗೆದೆ ಎಂದು ಇಷ್ಟು ವರ್ಷ ಮೆರೆದೆನಲ್ಲ. ನನ್ನನ್ನು ಮುಂದೆ ನಿಲ್ಲಿಸಿ ನಿನ್ನ ಚಿತ್ರ ನೀನೇ ತೆಗೆದುಕೊಂಡಿದ್ದೆ.

ಥಾನಾಸಿಸ್ ಬಹಳ ಹೊತ್ತು ದೀಪದ ಬತ್ತಿ ಸರಿಮಾಡುವ ನೆವದಲ್ಲಿ ಬಗ್ಗಿಯೇ ಇದ್ದ. ಕೊನೆಗೆ, "ಇರ್ಲಿ ಬಿಡು. ಆದ್ರೆ ನಾಳೆ ನೀನು ಹೋದಾಗ ನಿನ್ನ ಕಲ್ಲಿಗೆ ಯಾರ ಮುಖ ಹಾಕೋದು?" ಅಂದ.

ಮೊನ್ನೆ ನಿನ್ನ ವರ್ಷದ ಪೂಜೆ ಆಯಿತು. ಗೋಧಿ ಬೇಯಿಸಿ ಸಕ್ಕರೆ, ದಾಳಿಂಬೆ ಬೆರೆಸಿ ಎಲ್ಲರಿಗೂ ಹಂಚಿದೆ. ಕಾರ್ಖಾನೆಯ ನಿನ್ನ ಗೆಳತಿಯರೆಲ್ಲ ಸಾಲಾಗಿ ಬಂದು ಬಿಲ್ಲೆಗೆ ಮುತ್ತಿಟ್ಟರು. ನಾನು ಪಕ್ಕದಲ್ಲೇ ನಿಂತು ನನ್ನ ಕೆನ್ನೆ ಮುಟ್ಟಿ ನೋಡಿಕೊಂಡೆ. ಒಬ್ಬ ಅಜ್ಜಿ ಕಲ್ಲನ್ನು ನೋಡಿ, ನನ್ನತ್ತ ತಿರುಗಿ, "ಪರವಾಗಿಲ್ವೇ, ವಯಸ್ಸಾಗ್ತಾ ನೀನೂ ಸ್ವಲ್ಪ ಅಮ್ಮನ ಹಾಗೆ ಆಗ್ತಿದ್ದೀಯ" ಅಂದಳು. ಆಗ ನಾನು ಎಡಗಾಲಿನ ಮೇಲೆ ಭಾರ ಬಿಟ್ಟು ನಿಂತಿದ್ದೆ.

ಆ ಮುಖ ಇನ್ನು ನಿನ್ನದೇ, ಇಟ್ಟುಕೋ. ಕೈಗಳೂ ಕಾಣುತ್ತವೆ, ಬಿಲ್ಲೆಯ ಅಂಚಿಗೆ ಕತ್ತರಿಸದ ಹಾಗೆ ಕಲ್ಲು ಕೆತ್ತುವವನು ಜೋಪಾನವಾಗಿ ಕೂರಿಸಿದ್ದಾನೆ. ನನ್ನ ಕಲ್ಲಿಗೆ ಬೇಕಾದದ್ದನ್ನು ನಾನು ಬಂದಾಗ ನೀನೇ ತೆಗೆದುಕೊಡು. ಹೇಗೆ ನಿಲ್ಲಬೇಕು ಎಂದು ಬಾಯಿತುಂಬ ಬೈ, ನಾನು ಅಲುಗಾಡುವುದಿಲ್ಲ.

ನಿನ್ನ ಮೇಲಿನ ಮಣ್ಣು ಹಗುರವಾಗಿರಲಿ ಅಮ್ಮಾ. ನಗು ಬಂದರೆ ನಗು, ಯಾರೂ ಬೇಡ ಅನ್ನುವುದಿಲ್ಲ.

ಸದ್ಯಕ್ಕೆ ಮುಖವಿಲ್ಲದ ನಿನ್ನ ಮಗಳು,
ಮೆರೋಪಿ