ಒಂದೇ ಕೂಗು

ನವೆಂಬರ್ 23, ಭಾನುವಾರ. ಟೋಕಿಯೊ.

ಓ ಅನ್ನಬೇಕಿತ್ತು. ಮಧ್ಯಾಹ್ನದಿಂದ ಇದೊಂದೇ ತಲೇಲಿ.

ಗಂಡಸಿ ಊರಿನವಳು ನಾನು, ನಮ್ಮ ತಾಲ್ಲೂಕಿನದೇ ಕಣಕಟ್ಟೆಯ ಗೆಳತಿ ಮಂಜುಳಾ, ಇಬ್ಬರೂ ಎಲೆ ಉದುರೋದನ್ನ ನೋಡೋಕೆ ಟಿಕೆಟ್ ತಗೊಂಡು ದೊಡ್ಡ ಪಾರ್ಕಿಗೆ ಹೋಗಿದ್ವಿ! ಅವ್ವ ಇದ್ದಿದ್ರೆ ಪೊರಕೆ ಹುಡುಕ್ತಿದ್ದಳು. ಮರಗಳೆಲ್ಲ ಅರಿಶಿನ ಬಳಿದ ಹಾಗಿದ್ವು. ಮಂಜುಳಾ ಫೋಟೋ ತೆಗೀತಾ ಮುಂದೆ ಹೋದಳು. ಆಗ ಬೆನ್ನ ಹಿಂದೆಯೇ ಯಾರೋ "ಹೇಮೀ" ಅಂದರು.

ನನ್ನನ್ನ ಹಾಗೆ ಕರೀತಿದ್ದವಳು ಅವ್ವ ಒಬ್ಬಳೇ. ಅವಳು ತೀರಿಕೊಂಡಾಗ ನಾನು ಇಲ್ಲಿನ ವೃದ್ಧಾಶ್ರಮದಲ್ಲಿ ಇನ್ಯಾರದೋ ತಾಯಿಗೆ ಗಂಜಿ ಕುಡಿಸ್ತಿದ್ದೆ.

ತಿರುಗಲಿಲ್ಲ. "ಹಿಂದ್ಗಡೆಯಿಂದ ಒಂದೇ ಸಲ ಕೂಗಿದ್ರೆ ಓ ಅನ್ಬ್ಯಾಡ ಕಣೇ, ಅದು ದೆವ್ವ. ಮನುಷ್ಯರಾದ್ರೆ ಇನ್ನೊಂದ್ಸಲ ಕೂಗ್ತಾರೆ." ಅವ್ವನೇ ಕಲಿಸಿದ್ದು. ಇನ್ನೊಂದು ಕೂಗಿಗೆ ಕಾದೆ. ಬರಲಿಲ್ಲ.

"ಯಾಕೇ ನಿಂತ್ಬಿಟ್ಟೆ?" ಅಂದಳು ಮಂಜುಳಾ.

"ನೀನು ಕರೆದ್ಯಾ?"

"ಇಲ್ಲ ಕಣೇ."

ಅವ್ವನಿಗೆ ಈಗ ಒಂದೇ ಸಲ ತಾನೇ ಕೂಗೋಕಾಗೋದು? ಅಷ್ಟೂ ಹೊಳೀಲಿಲ್ಲವಲ್ಲ ನನಗೆ, ದಡ್ಡಿ.

ದೀಪ ಆರಿಸ್ತೀನಿ. ಬಾಗಿಲಿಗೆ ಬೆನ್ನು ಮಾಡಿ ಮಲಗ್ತೀನಿ. ಒಂದೇ ಸಲ ಕೂಗಿದರೂ ಸಾಕು, ಅವ್ವಾ, ಈ ಸಲ ನಾನು ಓ ಅಂ—