ಪಕ್ಕದ ಜಾಗ

೧೪ ನವೆಂಬರ್, ಮಂಗಳವಾರ

ಮುದ್ದು ಪುಟ್ಟೀ,

ಚೆನ್ನಾಗಿದ್ದೀಯಾ? ಅಳಿಯಂದಿರ ಕೆಮ್ಮು ಹೇಗಿದೆ? ನಿನ್ನ ಕಾಗದ ಬಂದು ಬಹಳ ದಿನವಾಯಿತು, ಬೈಯಬೇಡ. ಹೊಲಿಗೆ ಅಂಗಡಿಯಲ್ಲಿ ಸಮವಸ್ತ್ರಗಳ ಗಡಿಬಿಡಿ. ಕತ್ತರಿ ಕೆಳಗಿಟ್ಟ ಕೈ ಪೆನ್ನು ಹಿಡಿಯಲು ಒಪ್ಪುವುದಿಲ್ಲ.

ಅಪ್ಪನ ಸಮಾಧಿಯ ಪಕ್ಕ ನನಗೂ ಜಾಗ ಸಿಗುತ್ತದೆಯೇ ಎಂದು ಕೇಳಿದ್ದೆಯಲ್ಲ. ಜಾಗ ಖಾಲಿ ಇದೆ, ಆದರೆ ಆ ಸ್ಮಶಾನ ಅಪ್ಪನ ಕ್ಯಾಥೊಲಿಕ್ ಸಭೆಯವರಿಗೆ ಮಾತ್ರವಂತೆ. ನಾನು ಪ್ರೊಟೆಸ್ಟೆಂಟಳಾಗಿಯೇ ಉಳಿದರೆ ನನ್ನ ಜಾಗ ಊರಿನ ಆಚೆ ತುದಿಯಲ್ಲಿ, ನಮ್ಮ ಸಭೆಯವರ ಜೊತೆ. ಫಾದರ್ ಮನೆಗೇ ಬಂದಿದ್ದರು. "ನಿಮಗೆ ದೀಕ್ಷಾಸ್ನಾನ ಆಗಿದೆಯಲ್ಲಮ್ಮ, ಮತ್ತೆ ಬೇಡ. ಪಾಠ ಕೇಳಿ, ನಮ್ಮ ವಿಶ್ವಾಸ ಒಪ್ಪಿಕೊಂಡ್ರೆ ಆಯ್ತು," ಅಂದರು. ನಮ್ಮ ಪಾಸ್ಟರಿಗೆ ಹೇಳಿದೆ. "ಎಲ್ಲಿ ಮಲಗಿಸಿದ್ರೂ ಕರ್ತನಿಗೆ ಗೊತ್ತಾಗುತ್ತೆ, ನಿಮ್ಮಿಷ್ಟ," ಎಂದು ಚಹಾ ಕುಡಿದು ಹೋದರು.

ಪಾಠಕ್ಕೆ ಹೋದೆ. ಮಾತೆ ಮರಿಯಮ್ಮನ ವಿಷಯ ಬಂತು. ಹೆತ್ತವಳಿಗೆ ಗೌರವ ಕೊಡಲು ನನ್ನದೇನು ತಕರಾರು? ಜಪಸರ ಹಿಡಿದೆ, ಬೆರಳಿಗೆ ಕೆಲಸ ಸಿಕ್ಕಿತು. ಎಡವಿದ್ದು ಸತ್ತವರಿಗಾಗಿ ಮಾಡುವ ಪ್ರಾರ್ಥನೆಯಲ್ಲಿ. ಸ್ವರ್ಗ ಸೇರುವ ಮುಂಚೆ ಆತ್ಮ ಶುದ್ಧವಾಗಬೇಕು, ಅದಕ್ಕಾಗಿ ನಾವು ಬೇಡಿಕೊಳ್ಳಬೇಕು ಅಂದರು ಫಾದರ್.

"ಹಾಗಾದ್ರೆ ನಮ್ಮ ಯಜಮಾನ್ರು ಇನ್ನೂ ದಾರಿಯಲ್ಲೇ ಇದಾರಾ?"

"ಇರಬಹುದಮ್ಮ. ಅದಕ್ಕೇ ಪ್ರಾರ್ಥನೆ."

"ನಾವು ಹಾಗೆ ನಂಬಲ್ಲ ಫಾದರ್. ಅವರನ್ನ ಆವತ್ತೇ ಕಳಿಸಿಕೊಟ್ಟಾಯ್ತು. ತಲುಪಿದಾರೆ."

ಅವರು ಸಿಟ್ಟಾಗಲಿಲ್ಲ. "ಮನಸ್ಸು ಒಪ್ಪದೆ ಬಾಯಲ್ಲಿ ಒಪ್ಪಿದೆ ಅನ್ನಬೇಡಿ," ಅಂದರು. ನನಗೂ ಅದೇ ಸರಿ ಅನ್ನಿಸಿತು. ಆರಡಿ ಜಾಗಕ್ಕಾಗಿ ಸುಳ್ಳು ಹೇಳಿ, ಅದರ ಮೇಲೆ ನೆಮ್ಮದಿಯಾಗಿ ಮಲಗುವುದು ಹೇಗೆ? ಬೇಡವೆಂದು ಹೇಳಿ ಬಂದೆ.

ಅಪ್ಪನ ತಂಗಿ, ನಿನ್ನ ಸೋದರತ್ತೆ, ಮುಖ ಊದಿಸಿಕೊಂಡಿದ್ದಾಳೆ. "ಸತ್ತ ಮೇಲೂ ಬೇರೆ ಮನೆ ಮಾಡ್ತೀಯಲ್ಲ ಅತ್ತಿಗೆ!" ಅಂದಳು. ಅವಳ ಸಮಾಧಾನಕ್ಕೆ ಭಾನುವಾರ ಅವರ ಚರ್ಚಿನ ಪೂಜೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ತೀರಿಕೊಂಡವರ ಹೆಸರು ಓದುವಾಗ ಅಪ್ಪನ ಹೆಸರೂ ಬಂತು. ಎಲ್ಲರ ಜೊತೆ ಎದ್ದು ನಿಂತೆ. ಬಾಯಿ ಮಾತ್ರ ತೆರೆಯಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕರ್ತನ ಕೃಪೆ ನಿಮ್ಮಿಬ್ಬರ ಮೇಲಿರಲಿ.

ನಿನ್ನ
ಅಮ್ಮ

ತಾ.ಕ.: ಸಿಟ್ಟಿನ ಭರದಲ್ಲಿ ಸೋದರತ್ತೆ ಇನ್ನೊಂದು ಮಾತು ಆಡಿಬಿಟ್ಟಳು. ಅಪ್ಪ ಬದುಕಿದ್ದಾಗಲೇ ಆ ಜಾಗ ಗೊತ್ತು ಮಾಡಲು ಹೋದಾಗ ಫಾದರ್, "ಮನೆಯವರೂ ಮುಂದೆ ನಮ್ಮ ಸಭೆಗೆ ಸೇರಬಹುದು, ಒಂದು ಮಾತು ಕೇಳಿ ನೋಡಿ, ಎರಡು ಇಡೋಣವಾ?" ಅಂದಿದ್ದರಂತೆ. "ಬೇಡ, ಒಂದು ಸಾಕು," ಅಂದರಂತೆ ಅಪ್ಪ. ನನ್ನನ್ನು ಕೇಳಲೇ ಇಲ್ಲ. ನನ್ನ ನಂಬಿಕೆಗೆ ಬೆಲೆ ಕೊಟ್ಟು ಹಾಗಂದರೋ, ಒಬ್ಬರೇ ಇರಬೇಕೆನಿಸಿತೋ, ತಿಳಿಯದು. ನಿನ್ನ ಹತ್ತಿರ ಏನಾದರೂ ಹೇಳಿದ್ದರಾ ಪುಟ್ಟೀ?