ಕಣ್ಣಿಗೊತ್ತಿಕೊಂಡ ಇಸ್ಪೀಟು ಕಟ್ಟು

ಮೊಂಬಾಸಾ, ಬುಧವಾರ

ಚಿಗವ್ವ,

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾಗಿದ್ದರೆ ಸಂಭಾಳಿಸಿ ಓದು. ದೊಡ್ಡ ಪೋಕರ್ ಟೂರ್ನಿ ಮೊದಲ ಸಲ ಆಫ್ರಿಕಾ ಖಂಡಕ್ಕೆ ಬಂದಿದೆ ಎಂದು, ಇಸ್ಪೀಟು ಎಲೆ ಹಂಚಲು ನಮ್ಮನ್ನು ಗೋವಾದ ಕ್ಯಾಸಿನೊದಿಂದ ಕರೆತಂದರಲ್ಲ, ನಿನ್ನೆ ಅದರ ಮೊದಲ ದಿನ. ಮೇಜಿಗೆ ಕುಳಿತವಳೇ ಇಸ್ಪೀಟು ಕಟ್ಟನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡೆ. ಗೋವಾದಲ್ಲಿ ಯಾರೂ ಏನೂ ಅಂದಿರಲಿಲ್ಲ. "ಕತ್ರಿ ಕಣ್ಣಿಗೆ ಒತ್ಕೊಳ್ದ ಅರಿವಿ ಮುಟ್ಟಬ್ಯಾಡ ಬೇ" ಎಂದು ಅಫಜಲಪುರದ ಹೊಲಿಗೆ ಅಂಗಡಿಯಲ್ಲಿ ಬೆನ್ನಿಗೆ ಗುದ್ದಿ ಕಲಿಸಿದವಳು ನೀನೇ.

ಎದುರಿಗಿದ್ದ ಆಟಗಾರ ಎದ್ದು ನಿಂತು ಕೂಗಾಡಿದ. ನಾನು ಅಡಿಯ ಎಲೆ ಕದ್ದು ನೋಡಿದೆನಂತೆ! ಅವನು ಮಾತ್ರ ಪ್ರತಿ ಆಟಕ್ಕೂ ಕೊರಳಿನ ಲಾಕೆಟ್ಟಿಗೆ ಮುತ್ತು ಕೊಡಬಹುದು.

ನಮ್ಮ ಮೇಲ್ವಿಚಾರಕ ಮಹೇಶಕುಮಾರ ನಮ್ಮ ಕಡೆಯವನೇ, ಜೇವರ್ಗಿಯವನು. ಅವನ ಅಪ್ಪ ತಕ್ಕಡಿಯನ್ನು ಕಣ್ಣಿಗೊತ್ತಿಕೊಳ್ಳದೆ ಒಂದು ದಿನವೂ ವ್ಯಾಪಾರ ಶುರು ಮಾಡಿದವರಲ್ಲ. ಆದರೂ ಟೂರ್ನಿಯ ಸಾಹೇಬರು ಕೇಳಿದಾಗ, ಇಂಥ ಪದ್ಧತಿ ನಾನು ಕಂಡೇ ಇಲ್ಲ ಎಂದುಬಿಟ್ಟ. ಆಮೇಲೆ ಹತ್ತಿರ ಬಂದು, "ನನ್ನ ನೌಕರೀನೂ ಹೋಗ್ತಿತ್ತವಾ, ಸಿಟ್ಟ ಮಾಡ್ಕೋಬ್ಯಾಡ" ಅಂದ. ಸಿಟ್ಟು ಮಾಡದೆ ಆರತಿ ಎತ್ತಲೇನು?

ಎಲೆ ಹಂಚುವುದು ಬಿಡಿಸಿ ಈಗ ಚಹಾ ಹಂಚಲು ಹಾಕಿದ್ದಾರೆ. ಮೈಗೇನೂ ಆಗಿಲ್ಲ. ಶೇಂಗಾ ಹಿಂಡಿ ಮುಗಿಯಿತು. ನೀನು ಮೊಣಕಾಲಿನ ಗುಳಿಗೆ ತಪ್ಪಿಸಬೇಡ.

ಇವತ್ತು ಚಹಾದ ಟ್ರೇಯನ್ನು ಮಹೇಶನ ಎದುರಿಗೇ ಕಣ್ಣಿಗೊತ್ತಿಕೊಂಡು, ಮೊದಲ ಕಪ್ಪನ್ನು ಅವನ ಕೈಗೇ ಕೊಟ್ಟೆ.

ಅಂಚೆ ಕಾರ್ಡು ತುಂಬಿತು.

ನಿನ್ನ ವಿಜಯಶ್ರೀ